ಮೂರು ಪೇಟೆ, ಮೂರು ಕಕ್ಕಸು

ಸೇತುವೆ ಕಟ್ಟಿದವನು ತನ್ನ ಕೆಲಸದ ಬಗ್ಗೆ ಹೇಳಿದರೆ ಜನ ಗೌರವದಿಂದ ತಲೆದೂಗುತ್ತಾರೆ. ಕಕ್ಕಸು ಕಟ್ಟಿದವನ ಪಾಡು ಹಾಗಲ್ಲ. ನಾನು ಬಾಯಿ ತೆರೆಯುವ ಮೊದಲೇ ನಗಲು ಶುರುಮಾಡುತ್ತಾರೆ. ಅವರದ್ದು ತಪ್ಪೇನಿಲ್ಲ ಬಿಡಿ. ಈ ವಿಷಯದ ಹತ್ತಿರ ಬಂದರೆ ಸಾಕು, ಎಂಥ ಗಂಭೀರ ಮನುಷ್ಯನೂ ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಾನೆ. ಅದರಲ್ಲಿ ಮೊದಲನೆಯವನು ನಾನೇ.

ಅದು ಅರವತ್ತರ ದಶಕ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ನನ್ನ ಜೊತೆ ಓದಿದವರೆಲ್ಲ ಅಣೆಕಟ್ಟಿನ ಕೆಲಸಕ್ಕೆ ಸೇರಿ, ಕಾಗದ ಬರೆಯುವಾಗ ಟರ್ಬೈನು, ಪೆನ್‌ಸ್ಟಾಕು ಅಂತ ಬರೆಯುತ್ತಿದ್ದರು. ನನ್ನನ್ನು ಸಾಗರದ ಒಂದು ಸಣ್ಣ ಕಚೇರಿಗೆ ಓವರ್‌ಸಿಯರ್ ಮಾಡಿ ಹಾಕಿದರು. ಸೇರಿದ ಮೂರನೇ ದಿನ ನಮ್ಮ ಎಂಜಿನಿಯರ್ ಸಾಹೇಬರು ಕರೆದು, ಪೇಟೆಯ ಫುಟ್‌ಪಾತಿನಲ್ಲಿ ಹಿಡಿಸುವಂಥ ಒಂದು ಸಾರ್ವಜನಿಕ ಕಕ್ಕಸಿನ ನಕ್ಷೆ ಮಾಡಬೇಕು, ಮೊದಲು ಸಾಗರಕ್ಕೆ, ಚೆನ್ನಾಗಿ ಬಂದರೆ ಹೊಸನಗರಕ್ಕೆ, ಆಮೇಲೆ ತೀರ್ಥಹಳ್ಳಿಗೆ ಎಂದರು. ಕಚೇರಿಯಲ್ಲಿ ನನಗಿಂತ ಹಿರಿಯರು ಇಬ್ಬರಿದ್ದರು. ನನ್ನನ್ನೇ ಯಾಕೆ ಆರಿಸಿದಿರಿ ಸಾರ್ ಎಂದು ಕೇಳಿದೆ.

"ನೀವು ಬಯಲುಸೀಮೆಯವರಲ್ವೇನ್ರಿ," ಅಂದರು. "ಬಯಲಿನ ಕಷ್ಟ ನಿಮಗೇ ಚೆನ್ನಾಗಿ ಗೊತ್ತಿರ್ತದೆ."

ಪಕ್ಕದ ಅಂಗಡಿ

ಮೊದಲ ಕೆಲಸ ಜಾಗ ಹುಡುಕುವುದು. ಟೇಪು ಹಿಡಿದು ನಾನೊಂದು ತುದಿ, ಮೇಸ್ತ್ರಿ ಒಂದು ತುದಿ. ಈ ಮೇಸ್ತ್ರಿ ಜಂಬಿಟ್ಟಿಗೆ ಕಲ್ಲಿನ ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ. ಮಾತು ಕಡಿಮೆ. ಆಡಿದರೆ ಅದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಸಾಗರದ ಪೇಟೆ ಬೀದಿ ಆಗ ಈಗಿನಷ್ಟಲ್ಲದಿದ್ದರೂ ಗಿಜಿಗುಡುತ್ತಿತ್ತು. ಅಡಿಕೆ ಮಂಡಿಗೆ ಬಂದ ಗಾಡಿ, ಅಣೆಕಟ್ಟಿಗೆ ಹೋಗುವ ಲಾರಿ, ಜೋಗ ನೋಡಲು ಬಂದ ಬಸ್ಸು, ಇವೆಲ್ಲದರ ನಡುವೆ ಫುಟ್‌ಪಾತು ಅಂತ ಇದ್ದದ್ದು ಆರೇ ಅಡಿ.

ಜವಳಿ ಅಂಗಡಿಯ ಯಜಮಾನರು ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ಕಕ್ಕಸು ಅಂದ ಕೂಡಲೇ ಮುಖ ಅರಳಿತು. ಇದು ಬಹಳ ಹಿಂದೆಯೇ ಆಗಬೇಕಾಗಿದ್ದ ಕೆಲಸ, ಊರಿಗೆ ಊರೇ ನಿಮ್ಮನ್ನು ನೆನೆಯುತ್ತದೆ ಎಂದರು. ನಿಮ್ಮ ಅಂಗಡಿ ಪಕ್ಕದ ಸಂದಿಯ ಬಾಯಿ ಸರಿಹೋಗುತ್ತದಾ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ನಮ್ಮಲ್ಲಿಗೆ ಬರುವವರು ಮದುವೆ ಸೀರೆ ತೆಗೆಯುವವರು, ಅವರಿಗೆ ಅವಸರ ಇರುವುದಿಲ್ಲ, ಅದೇ ಪಕ್ಕದ ಹೋಟೆಲಿಗೆ ಬರುವವರನ್ನು ನೋಡಿ ಎಂದರು. ಹೋಟೆಲಿನವರು ನಮಗೆ ಇಡ್ಲಿ ಕೊಟ್ಟು, ಕಕ್ಕಸಿನ ಅಗತ್ಯವನ್ನು ಅರ್ಧ ಗಂಟೆ ವರ್ಣಿಸಿ, ಪಕ್ಕದ ಪುಸ್ತಕದ ಅಂಗಡಿ ತೋರಿಸಿದರು. ಪುಸ್ತಕದವರು ಪಾತ್ರೆ ಅಂಗಡಿ ತೋರಿಸಿದರು. ಹೀಗೆ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ತಿರುಗಿ ಬರುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಏಳು ಕಾಫಿ ಇತ್ತು. ಬೀದಿಯ ಕೊನೆಯವರು ಬೆರಳು ಮಾಡಿ ತೋರಿಸಿದ್ದು ಮೊದಲು ಹೊರಟ ಅದೇ ಜವಳಿ ಅಂಗಡಿಯನ್ನು.

"ಕಕ್ಕಸು ಎಲ್ಲರಿಗೂ ಬೇಕು," ಎಂದರು ಮೇಸ್ತ್ರಿ ಟೇಪು ಸುತ್ತುತ್ತಾ. "ಯಾರಿಗೂ ಬೇಡದೆ ಇರೋದು ಅದರ ಪಕ್ಕದ ಜಾಗ ಮಾತ್ರ."

ನಾನು ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಹೆಡ್ಡರಲ್ಲ, ಹಟಮಾರಿಯೂ ಅಲ್ಲ. ಬೇರೆಯವರ ಮುಂದೆ ಬೇಡವಾದರೆ ನಮ್ಮ ಕಚೇರಿ ಮುಂದೆಯೇ ಆಗಲಿ, ಕಾಂಪೌಂಡು ಗೋಡೆಯನ್ನು ಐದು ಅಡಿ ಒಳಕ್ಕೆ ಸರಿಸಿದರೆ ಫುಟ್‌ಪಾತಿನಲ್ಲಿ ನಡೆಯುವವರಿಗೂ ತೊಂದರೆ ಇಲ್ಲ ಎಂದರು. ಎಷ್ಟು ದೊಡ್ಡ ಮನಸ್ಸು ಎಂದು ನಾನು ಕೈ ಮುಗಿದೆ. ಅವರು ಆ ಹೊತ್ತಿನಲ್ಲಿ ಮರೆತದ್ದು ಒಂದೇ ವಿಷಯ. ಆ ಗೋಡೆಯ ಕಡೆಗೆ ಇದ್ದ ಒಂದೇ ಒಂದು ಕಿಟಕಿ ಅವರ ಕೋಣೆಯದು.

ಬೇಡಿಕೆ

ಒಬ್ಬೊಬ್ಬರು ಕೂರುವ ಗೂಡು ಎಷ್ಟು ಅಗಲ ಇರಬೇಕು? ನನ್ನ ಹತ್ತಿರ ಒಂದು ಪುಸ್ತಕವಿತ್ತು. ಅದರಲ್ಲಿ ಅಳತೆಗಳೆಲ್ಲ ಇದ್ದವು. ಮೇಸ್ತ್ರಿ ಅದನ್ನು ನೋಡಿ, ಈ ಪುಸ್ತಕ ಬರೆದವನ ಹತ್ತಿರ ಕೊಡೆ ಇರಲಿಲ್ಲ ಅಂತ ಕಾಣ್ತದೆ ಎಂದರು.

ಆ ಮಾತು ನಿಜ. ಮಲೆನಾಡಿನವನು ಪೇಟೆಗೆ ಬಂದರೆ ಒಬ್ಬನೇ ಬರುವುದಿಲ್ಲ. ಕೈಯಲ್ಲಿ ಕೊಡೆ, ಹೆಗಲಿಗೆ ಕಂಬಳಿ, ಸೊಂಟದ ಕೊಕ್ಕೆಯಲ್ಲಿ ಕತ್ತಿ, ಕಂಕುಳಲ್ಲಿ ಎಲೆಅಡಿಕೆ ಚೀಲ. ಇವನ್ನು ಹೊರಗಿಟ್ಟು ಒಳಗೆ ಹೋಗು ಅಂದರೆ ಹೋಗುವವನಲ್ಲ. ಹಾಗಾಗಿ ಪುಸ್ತಕ ಮುಚ್ಚಿಟ್ಟು, ಕಚೇರಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಚೌಕ ಬರೆದೆ. ಬೇರೆ ಬೇರೆ ಅಗಲ, ಬೇರೆ ಬೇರೆ ಉದ್ದ. ಆ ದಿನ ಬೇರೆ ಬೇರೆ ಕೆಲಸಕ್ಕೆ ಕಚೇರಿಗೆ ಬಂದಿದ್ದವರನ್ನು ವಿನಯದಿಂದ ಕೇಳಿಕೊಂಡೆ, ದಯವಿಟ್ಟು ಒಂದೊಂದು ಚೌಕದಲ್ಲಿ ನಿಮ್ಮ ಸಾಮಾನು ಸಮೇತ ಐದು ನಿಮಿಷ ಕುಕ್ಕರಗಾಲಿನಲ್ಲಿ ಕೂರಬೇಕು ಎಂದು. ಬಟ್ಟೆ ಸರಿಯಾಗಿ ಉಟ್ಟುಕೊಂಡೇ, ಮತ್ತೇನಿಲ್ಲ.

ಮಲೆನಾಡಿನವರು ಸಹಾಯ ಕೇಳಿದರೆ ಇಲ್ಲವೆನ್ನುವವರಲ್ಲ. ಹನ್ನೆರಡು ಜನ ಕೂತರು. ತೋಟದ ಹೆಗಡೆಯೊಬ್ಬರು ಕೊಡೆಯನ್ನು ಎಡಕ್ಕಿಟ್ಟು ನೋಡಿದರು, ಬಲಕ್ಕಿಟ್ಟು ನೋಡಿದರು, "ಇದು ಸಾಲ್ತಿಲ್ಲೆ" ಎಂದು ಪಕ್ಕದ ಚೌಕಕ್ಕೆ ದಾಟಿದರು. ನಾನು ಮೊಣಕಾಲಿನಿಂದ ಮೊಣಕಾಲಿಗೆ ಅಳೆದು ಬರೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಶಿವಮೊಗ್ಗದಿಂದ ಮೇಲಧಿಕಾರಿ ತಪಾಸಣೆಗೆಂದು ಹೇಳದೆ ಕೇಳದೆ ಬಂದಿಳಿದರು. ಜೀಪಿನಿಂದ ಇಳಿದವರು ಜಗಲಿ ತುಂಬ ಕತ್ತಿ ಕೊಡೆ ಹಿಡಿದು ಸಾಲಾಗಿ ಕೂತ ಜನರನ್ನು ನೋಡಿ ಮೆಟ್ಟಿಲಲ್ಲೇ ನಿಂತುಬಿಟ್ಟರು. ಆ ಕಾಲದಲ್ಲಿ ಮುಷ್ಕರ, ಧರಣಿ ಸಾಮಾನ್ಯವಾಗಿದ್ದವು. ಅವರು ಗುಮಾಸ್ತರನ್ನು ಪಕ್ಕಕ್ಕೆ ಕರೆದು, ಎಷ್ಟು ದಿನದಿಂದ ಕೂತಿದ್ದಾರೆ, ಇವರ ಬೇಡಿಕೆ ಏನು ಎಂದು ಮೆಲ್ಲಗೆ ಕೇಳಿದರು.

ಗುಮಾಸ್ತರು ಪ್ರಾಮಾಣಿಕರು. "ಇವತ್ತೇ ಕೂತಿದ್ದು ಸಾರ್," ಎಂದರು. "ಸ್ವಲ್ಪ ಅಗಲ ಬೇಕಂತೆ."

ಹೆಣ್ಣು ನೋಡಲು ಹೋದದ್ದು

ನಕ್ಷೆ ಮೇಲಕ್ಕೆ ಹೋಗಿ, ಕೆಳಕ್ಕೆ ಬಂದು, ಮತ್ತೆ ಮೇಲಕ್ಕೆ ಹೋಗುವಷ್ಟರಲ್ಲಿ ನನಗೆ ಮದುವೆಯ ಮಾತು ನಡೆಯಿತು. ತೀರ್ಥಹಳ್ಳಿ ಹತ್ತಿರ ಒಂದು ಮನೆ. ನನ್ನ ಸೋದರಮಾವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಟ್ಟರು, ಏನು ಕೆಲಸ ನಡೀತಿದೆ ಅಂತ ಕೇಳಿದರೆ ನೀನು ಬಾಯಿ ಬಿಡಬೇಡ, ನಾನು ಹೇಳುತ್ತೇನೆ ಎಂದು.

ಹುಡುಗಿಯ ತಂದೆ ಕೇಳಿಯೇ ಕೇಳಿದರು. ಸಾರ್ವಜನಿಕ ಕಟ್ಟಡ ಎಂದರು ಮಾವ. ಎಂಥ ಕಟ್ಟಡ, ಶಾಲೆಯಾ ಎಂದರು ಅವರು. ಶಾಲೆಗಿಂತ ಹೆಚ್ಚು ಜನ ಬಂದು ಹೋಗುವಂಥದ್ದು ಎಂದರು ಮಾವ. ಆಸ್ಪತ್ರೆಯಾ ಎಂದರು. ಒಂದು ರೀತಿಯಲ್ಲಿ ಜನರ ನೋವು ಪರಿಹಾರ ಮಾಡುವಂಥದ್ದೇ ಎಂದರು ಮಾವ. ನನಗೆ ಸುಳ್ಳಿನ ಮೇಲೆ ಸಂಸಾರ ಕಟ್ಟುವುದು ಬೇಡ ಅನ್ನಿಸಿ, ಕಕ್ಕಸು ಎಂದುಬಿಟ್ಟೆ.

ಮಾವ ಚಾವಣಿಯ ಜಂತಿ ಎಣಿಸತೊಡಗಿದರು. ಕಾಫಿ ಲೋಟದ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು.

"ಅದ್ರಲ್ಲಿ ನೀರು ಬರ್ತದಾ?" ಎಂದು ಕೇಳಿದಳು.

ಸಾಹೇಬರು, ಮೇಲಧಿಕಾರಿ, ಪೇಟೆಯ ಯಜಮಾನರು, ಇಷ್ಟು ಜನ ಆ ನಕ್ಷೆ ನೋಡಿದ್ದರು. ಈ ಪ್ರಶ್ನೆ ಕೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ಬರುತ್ತದೆ ಎಂದು ಗಟ್ಟಿಯಾಗಿ ಹೇಳಿದೆ. ಹೊರಗೆ ಬಂದ ಮೇಲೆ ಮಾವ, ಹುಡುಗಿ ಒಪ್ಪಿಗೆಯಾ ಎಂದು ಕೇಳಿದರು. ಒಪ್ಪಿಗೆ, ಆದರೆ ಮದುವೆಗೆ ಎರಡು ತಿಂಗಳು ಸಮಯ ಬೇಕು ಎಂದೆ. ಯಾಕೆ ಎಂದರು.

ನಿಜ ಹೇಳಬೇಕಾಯಿತು. ನಕ್ಷೆಯಲ್ಲಿ ನಾನು ನೀರಿನ ತೊಟ್ಟಿಯನ್ನೇ ಹಾಕಿರಲಿಲ್ಲ.

ಸ್ಟೋರ್ ರೂಮು

ನೀರಿಗಿಂತ ದೊಡ್ಡದೊಂದನ್ನು ನಾನು ಮರೆತಿದ್ದೆ. ಅದು ಗೊತ್ತಾದದ್ದು ಮದುವೆಯಾಗಿ ಒಂದು ತಿಂಗಳ ಮೇಲೆ.

ಕಚೇರಿಯ ಮುಂದಿನ ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ ಕೂರುತ್ತಿದ್ದಳು. ಹೊಳೆಯ ಆಚೆ ತುಮರಿ ಕಡೆಯವಳು. ಬೆಳಕು ಹರಿಯುವ ಮೊದಲೇ ದೋಣಿ ದಾಟಿ, ಬಸ್ಸು ಹಿಡಿದು ಬಂದು ಕಾಲಕ್ಕೆ ತಕ್ಕ ಹಾಗೆ ಬಾಳೆಎಲೆ, ಕಳಲೆ, ಅಪ್ಪೆಮಿಡಿ ಮಾರುವವಳು. ಚೈತ್ರದ ಬಿಸಿಲು. ನಾನು ಎದುರಿನ ಅಂಗಡಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದವನು ಅವಳ ಒಣಗಿದ ತುಟಿ ನೋಡಿ ಒಂದು ಲೋಟ ಅವಳ ಮುಂದೆ ಹಿಡಿದೆ. ಬೇಡ ಎಂದಳು. ಒತ್ತಾಯ ಮಾಡಿದೆ.

"ಪ್ಯಾಟಿಗೆ ಬಂದ ದಿನ ನಾನು ಕುಡಿಯೋದಿಲ್ಲ ಸ್ವಾಮಿ," ಎಂದಳು. "ಬೆಳಿಗ್ಗೆ ದೋಣಿ ಹತ್ತೋ ಮುಂಚೆ ಒಂದು ಲೋಟ, ಸಂಜೆ ದೋಣಿ ಇಳಿದ ಮೇಲೆ ಒಂದು ಲೋಟ. ನಡುವೆ ಕುಡಿದ್ರೆ ಎಲ್ಲಿಗೆ ಹೋಗೋದು?"

ಅವಳ ಬೆನ್ನ ಹಿಂದೆ ನನ್ನ ಕಕ್ಕಸಿನ ಪಾಯ ತೋಡುತ್ತಿದ್ದರು. ಐದು ಗೂಡು, ಐದೂ ಗಂಡಸರಿಗೆ. ಮನೆಗೆ ಬಂದು ಹೆಂಡತಿಗೆ ಇದನ್ನು ದೊಡ್ಡ ಸಂಶೋಧನೆಯ ಹಾಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ನಿಮಗೆ ಈಗ ಗೊತ್ತಾಯ್ತಾ?" ಎಂದಳು. ಅವತ್ತು ನನಗಾದ ನಾಚಿಕೆ ಇನ್ನೂ ನೆನಪಿದೆ.

ಮರುದಿನ ಸಾಹೇಬರ ಹತ್ತಿರ ಹೋಗಿ ಎರಡು ಗೂಡು ಹೆಂಗಸರಿಗೆ ಸೇರಿಸಲೇಬೇಕು ಎಂದೆ. ಅವರು ತಮ್ಮ ಹೆಂಡತಿಯನ್ನು ನೆನೆಸಿಕೊಂಡರೋ ಏನೋ, ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದರು. ಆಮೇಲೆ, ಹೆಂಗಸರಿಗೆ ಅಂತ ಬರೆದರೆ ಹೊಸ ಮಂಜೂರಾತಿ, ಹೊಸ ಫೈಲು, ಅದು ತಿರುಗಿ ಬರುವಾಗ ನಾನು ಪೆನ್ಶನ್ ತಗೊಳ್ತಿರ್ತೀನಿ ಎಂದರು. ಆದರೆ ಸ್ಟೋರ್ ರೂಮು ಸೇರಿಸಿದರೆ ಇದುವರೆಗೆ ಯಾರೂ ಯಾಕೆ ಅಂತ ಕೇಳಿದ್ದಿಲ್ಲ ಎಂದು, ಪೆನ್ಸಿಲನ್ನು ನನ್ನ ಕಡೆ ತಳ್ಳಿ ಕಿಟಕಿಯ ಕಡೆ ತಿರುಗಿ ಕೂತರು.

ಹೀಗೆ ನಕ್ಷೆಯಲ್ಲಿ ಎರಡು ಸ್ಟೋರ್ ರೂಮು ಬಂದವು. ಮೇಲಿನವರು ಒಪ್ಪಿದರು. ಕೊನೆಯಲ್ಲಿ ಒಂದು ಷರತ್ತು ಹಾಕಿದ್ದರು. ಸ್ಟೋರ್ ರೂಮುಗಳಿಗೆ ಸದಾ ಬೀಗ ಹಾಕಿರತಕ್ಕದ್ದು, ಬೀಗದಕೈ ಜವಾಬ್ದಾರಿಯುತ ವ್ಯಕ್ತಿಯ ವಶದಲ್ಲಿರತಕ್ಕದ್ದು ಎಂದು. ನಮಗೆ ಗೊತ್ತಿದ್ದ ಅಂಥ ವ್ಯಕ್ತಿ ಒಬ್ಬಳೇ. ಕಟ್ಟಡ ಮುಗಿದ ದಿನ ಬೀಗದಕೈಯನ್ನು ಅಜ್ಜಿಯ ಕೈಗೆ ಕೊಟ್ಟೆವು. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ಬುಟ್ಟಿಯನ್ನು ಎರಡು ಮಾರು ಆಚೆ ಸರಿಸಿ, ಸರಿಯಾಗಿ ಬಾಗಿಲ ಬದಿಗೆ ಕೂತಳು. ಹೆಂಗಸರು ಬಂದರೆ ಎದ್ದು ತೆಗೆದುಕೊಡುವುದು, ಹೋದ ಮೇಲೆ ನೀರು ಹಾಕಿದ್ದಾರಾ ಎಂದು ನೋಡಿ ಬೀಗ ಹಾಕುವುದು. ವಾರ ಕಳೆಯುವಷ್ಟರಲ್ಲಿ ಅವಳೇ ಎದುರಿನ ಅಂಗಡಿಗೆ ಹೋಗಿ ಮಜ್ಜಿಗೆ ಕುಡಿದು ಬರುವುದನ್ನು ಕಂಡೆ. ಆ ದಿನ ನನಗೆ ಅಣೆಕಟ್ಟು ಕಟ್ಟಿದವರ ಮೇಲೆ ಹೊಟ್ಟೆಕಿಚ್ಚು ಉಳಿಯಲಿಲ್ಲ.

ಆರು ತಿಂಗಳ ಮೇಲೆ ಸ್ಟೋರು ತನಿಖೆಗೆಂದು ಮೇಲಿನಿಂದ ಒಬ್ಬರು ಬಂದರು. ನಾನು ಹೊಸನಗರದಲ್ಲಿದ್ದೆ. ಅವರು ನೇರವಾಗಿ ಹೋಗಿ ಬಾಗಿಲು ತೆಗೆಯಮ್ಮ ಎಂದರಂತೆ. ಅಜ್ಜಿ ಏಳಲಿಲ್ಲ. ನಾನು ಸರ್ಕಾರದವನು ಎಂದರಂತೆ. ಯಾರಾದ್ರೂ ಸರಿ, ಗಂಡಸರಿಗೆ ಇಲ್ಲ ಎಂದಳಂತೆ. ಅವರು ಜೋರು ಮಾಡಿದ್ದಕ್ಕೆ ಬಾಳೆಎಲೆ ಕೊಯ್ಯುವ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳಂತೆ. ಅವರು ಮರಳಿ ಹೋಗಿ ಬರೆದ ವರದಿಯ ಪ್ರತಿ ನಮಗೂ ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು:

"ದಾಸ್ತಾನು ಭದ್ರವಾಗಿದೆ. ಕಾವಲು ಅತ್ಯಂತ ಬಿಗಿಯಾಗಿದೆ."

ಪೇಪರ್ ಓದುವವರು

ಹೆಂಗಸರ ಕಡೆ ಹೀಗೆ ಸರಾಗವಾಗಿ ನಡೆಯಿತು. ಗಂಡಸರ ಕಡೆಗೆ ಮಾತ್ರ ಮೊದಲ ವಾರ ಯಾರೂ ಬರಲಿಲ್ಲ. ಎಲ್ಲರಿಗೂ ಸಂಕೋಚ. ನಡುಬೀದಿ, ನಾಲ್ಕು ಜನ ನೋಡುತ್ತಾರೆ, ಇಂಥವರು ಇಂಥ ಹೊತ್ತಿಗೆ ಒಳಗೆ ಹೋದರು ಅಂತ ಊರೆಲ್ಲ ಮಾತಾಗುತ್ತದೆ. ಹಳೇ ಗೋಡೆಯ ಮರೆಯೇ ವಾಸಿ ಅನ್ನುವ ಹಾಗಿತ್ತು. ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಹೊಡೆದು ದಿನವೂ ದಿನಪತ್ರಿಕೆ ಅಂಟಿಸೋಣ ಎಂದು ನನಗೆ ಹೊಳೆಯಿತು. ಪೇಪರ್ ಓದುವ ಹಾಗೆ ನಿಲ್ಲುವುದು, ಯಾರೂ ನೋಡದಾಗ ಒಳಗೆ ಜಾರಿಕೊಳ್ಳುವುದು.

ಉಪಾಯ ಫಲಿಸಿತು. ಗೌಡರು, ಹೆಗಡೆಯವರು, ಮಂಡಿಯವರು, ಎಲ್ಲರೂ ಬಂದು ಹಲಗೆಯ ಮುಂದೆ ಗಂಭೀರವಾಗಿ ನಿಂತು, ಎರಡು ಸಾಲು ಓದಿ, ಅತ್ತ ಇತ್ತ ನೋಡಿ ಮಾಯವಾಗುತ್ತಿದ್ದರು. ಆದರೆ ಊರಿಗೆ ಗುಟ್ಟು ತಿಳಿಯಲು ಎಷ್ಟು ದಿನ ಬೇಕು? ಸ್ವಲ್ಪ ದಿನದಲ್ಲೇ ಸಾಗರದಲ್ಲಿ ಯಾರಾದರೂ "ಪೇಪರ್ ಓದಿ ಬರ್ತೇನೆ" ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ಇದರಿಂದ ತೊಂದರೆಯಾದದ್ದು ಒಬ್ಬರಿಗೆ. ನಿವೃತ್ತರಾಗಿದ್ದ ಒಬ್ಬ ಮೇಷ್ಟ್ರು. ಅವರು ನಿಜವಾಗಿಯೂ ಪೇಪರ್ ಓದಲು ಬರುತ್ತಿದ್ದರು. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ಸಂಪಾದಕೀಯ ಬಿಟ್ಟುಹೋಗಿದ್ದರೆ ಸಂಜೆ ಇನ್ನೊಮ್ಮೆ. ಊರಿನವರು ನೋಡಿ ಮರುಗಿದರು. ಈ ವಯಸ್ಸಿನಲ್ಲಿ ದಿನಕ್ಕೆ ಮೂರು ಸಲ, ಅದೂ ಅಷ್ಟು ಹೊತ್ತು, ಪಾಪ ಎಂದು ಮಾತಾಡಿಕೊಂಡರು. ಹಳೇ ಶಿಷ್ಯರ ಮನೆಯಿಂದ ಕಷಾಯ ಬಂತು. ಇನ್ನೊಬ್ಬರ ಮನೆಯಿಂದ ಲೇಹ್ಯ ಬಂತು. ನಾಟಿ ವೈದ್ಯರೊಬ್ಬರು ತಾವೇ ಮನೆಗೆ ಬಂದು ನಾಡಿ ಹಿಡಿದು ಹೋದರು. ಕೊನೆಗೆ ಮೇಷ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತು, ದಯವಿಟ್ಟು ಆ ಹಲಗೆಯನ್ನು ಬೇರೆ ಎಲ್ಲಾದರೂ ಹಾಕಿಸಿ ಎಂದರು. ಅವರ ಕಷ್ಟ ಅರ್ಥವಾಯಿತು, ಕ್ಷಮಿಸಿ ಸಾರ್, ಜನ ತಪ್ಪು ತಿಳಿದುಕೊಂಡಿದ್ದಾರೆ ಎಂದೆ.

"ಅದಿರಲಿ," ಎಂದರು ಮೇಷ್ಟ್ರು. "ಆ ಕಷಾಯ ಕುಡಿದ ಮೇಲೆ ಈಗ ನಿಜವಾಗ್ಲೂ ಪೇಪರ್ ಓದೋದಕ್ಕೆ ಪುರುಸೊತ್ತು ಸಿಗ್ತಿಲ್ಲ."

ರಾಜ, ರಾಣಿ

ಹೊಸನಗರದಲ್ಲಿ ಬೇರೆಯೇ ಸಮಸ್ಯೆ. ಹುಲಿಕಲ್ ಕಡೆಯಿಂದ ಬರುವ ಮಳೆ ಅಲ್ಲಿ ಮೇಲಿನಿಂದ ಬೀಳುವುದಿಲ್ಲ, ಅಡ್ಡ ಬೀಸುತ್ತದೆ. ಹಾಗಾಗಿ ಹೆಂಚಿನ ಮಾಡನ್ನು ಮೂರಡಿ ಮುಂದಕ್ಕೆ ಇಳಿಸಿದೆ. ಮಾಡು ಏರಿದ ದಿನವೇ ಬಸ್ಸು ಕಾಯುವವರೆಲ್ಲ ಅದರಡಿ ಸೇರಿದರು. ಒಳಗೆ ಗಾರೆ ಒಣಗುವ ಮೊದಲೇ ಡ್ರೈವರು ಅಲ್ಲಿ ಬಸ್ಸು ನಿಲ್ಲಿಸತೊಡಗಿದ. ಒಂದು ಕೆಲಸಕ್ಕೆ ಎರಡು ಫಲ ಎಂದು ನಾನೂ ಸುಮ್ಮನಾದೆ.

ತೊಡಕಾದದ್ದು ಬೋರ್ಡಿನಲ್ಲಿ. ಈ ಸಲ ಧೈರ್ಯ ಮಾಡಿ ನಕ್ಷೆಯಲ್ಲೇ ಹೆಂಗಸರ ಭಾಗ ಎಂದು ಬರೆದಿದ್ದೆವು. ಮೇಲಿನವರು ಮಾತಾಡದೆ ಒಪ್ಪಿದ್ದರು. ಆದರೆ ಪೇಟೆಗೆ ಬರುವವರಲ್ಲಿ ಓದು ಬರದವರು ಬಹಳ. ಅಕ್ಷರದ ಜೊತೆ ಒಂದೊಂದು ಚಿತ್ರವೂ ಇರಲಿ, ಒಂದು ಕಡೆ ಗಂಡು, ಒಂದು ಕಡೆ ಹೆಣ್ಣು ಎಂದು ಪೇಂಟರಿಗೆ ಹೇಳಿ ಸಾಗರಕ್ಕೆ ಬಂದೆ. ಆ ಪೇಂಟರು ಮಳೆಗಾಲದಲ್ಲಿ ಬೋರ್ಡು ಬರೆಯುತ್ತಿದ್ದರು, ಉಳಿದ ಕಾಲದಲ್ಲಿ ಯಕ್ಷಗಾನದ ಮೇಳದ ಹಿಂದೆ ತಿರುಗುತ್ತಿದ್ದರು. ನಾನು ವಾರ ಬಿಟ್ಟು ಹೋಗಿ ನೋಡಿದರೆ ಒಂದು ಬಾಗಿಲ ಮೇಲೆ ವೇಷದ ಕಿರೀಟ ಕಟ್ಟಿ, ಮೀಸೆ ತಿರುವಿದ ರಾಜ. ಇನ್ನೊಂದರ ಮೇಲೆ ಡಾಬು, ಜಡೆಬಿಲ್ಲೆ ಹಾಕಿಕೊಂಡ ರಾಣಿ. ಬಣ್ಣವೆಂದರೆ ಬಣ್ಣ. ಅಷ್ಟು ಅಂದದ ಕಕ್ಕಸು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ.

ಹಳ್ಳಿಯಿಂದ ಬಂದವರು ಮುಂದೆ ನಿಂತು, ಇವತ್ತು ಯಾವ ಪ್ರಸಂಗ ಎಂದು ಕೇಳುತ್ತಿದ್ದರು. ಒಬ್ಬ ಹಿರಿಯರು ಒಳಗೆ ಹೋಗಿ ಬಂದು, ಆಟ ಎಂತದೂ ಇಲ್ಲ, ಆದ್ರೆ ಅನುಕೂಲ ಚೆನ್ನಾಗಿದೆ ಎಂದು ಉಳಿದವರಿಗೆ ಹೇಳಿದರು. ಇದೆಲ್ಲ ಸರಿಹೋಗುತ್ತದೆ ಎಂದುಕೊಂಡು ನಾನು ನಿಂತಿದ್ದಾಗಲೇ ಕಟ್ಟುಮಸ್ತಾದ ಒಬ್ಬ ಗಂಡಸು ನೇರವಾಗಿ ರಾಣಿಯ ಬಾಗಿಲಿಗೆ ನಡೆದ. ನಾನು ಅಡ್ಡ ನಿಂತು, ಅದು ಹೆಂಗಸರದ್ದು, ಚಿತ್ರ ನೋಡಿಲ್ವಾ ಎಂದೆ. ಅವನು ಚಿತ್ರವನ್ನು ಮತ್ತೊಮ್ಮೆ ನೋಡಿ ನನ್ನ ಕಡೆ ತಿರುಗಿದ. ಆಗೆಲ್ಲ ಮೇಳದಲ್ಲಿ ಹೆಣ್ಣು ವೇಷ ಹಾಕುವವರೂ ಗಂಡಸರೇ ಎಂಬುದು ನನಗೆ ನೆನಪಾಗುವಷ್ಟರಲ್ಲಿ ತಡವಾಗಿತ್ತು.

"ಚಿತ್ರ ನೋಡೇ ಬಂದಿದ್ದು ಮಾರಾಯ್ರೆ," ಎಂದ ಅವನು. "ಇದು ನಮ್ಮ ದೊಡ್ಡಪ್ಪನ ಮಗ. ಅವನು ಹೋಗೋ ಕಡೆ ನಾನು ಹೋಗ್ಬಾರ್ದಾ?"

ಕತ್ತರಿ

ಮುಂದೆ ನಮಗೆ ಒಂದು ಆದೇಶ ಬಂತು. ಇನ್ನು ಮೇಲೆ ಪೇಟೆಯಲ್ಲಿ ಕಟ್ಟುವ ಯಾವ ಕಕ್ಕಸಿನ ನಕ್ಷೆಯನ್ನೂ ಹೆಂಗಸರ ಭಾಗವಿಲ್ಲದೆ ಒಪ್ಪತಕ್ಕದ್ದಲ್ಲ ಎಂದು ಅದರಲ್ಲಿತ್ತು. ಕಚೇರಿಯಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು. ಆದರೆ ಆ ಆದೇಶ ನನ್ನ ನಕ್ಷೆಯಿಂದ ಬಂದದ್ದಲ್ಲ. ತೀರ್ಥಹಳ್ಳಿಯ ಉದ್ಘಾಟನೆಯ ದಿನ ಏನಾಯಿತು ಎಂಬುದನ್ನು ಕಣ್ಣಾರೆ ನೋಡಿದ ನಾನು ಹೇಳುತ್ತೇನೆ.

ಉದ್ಘಾಟನೆಗೆ ಬೆಂಗಳೂರಿನಿಂದ ಒಬ್ಬ ದೊಡ್ಡ ಸಾಹೇಬರು ಬರುವವರಿದ್ದರು, ಪತ್ನಿಯ ಸಮೇತ. ಅವರಿಗೆ ಇಷ್ಟವಾದರೆ ಬೇರೆ ಊರುಗಳಿಗೂ ಕಕ್ಕಸು, ಇಲ್ಲವಾದರೆ ಇದೇ ಕೊನೆ ಎಂದು ನಮ್ಮ ಎಂಜಿನಿಯರು ಮೊದಲೇ ಹೇಳಿದ್ದರು. ಹಾಗಾಗಿ ಊರೇ ಸೇರಿತ್ತು. ಶಾಮಿಯಾನ, ವಾಲಗ, ಎರಡು ಬಾಗಿಲಿಗೂ ಅಡ್ಡವಾಗಿ ಒಂದೊಂದು ಕೆಂಪು ಟೇಪು. ಟೇಪು ಕಟ್ಟಿದ್ದು ನಮ್ಮ ಮೇಸ್ತ್ರಿ. ನನ್ನ ಕೈಯಲ್ಲಿ ಹರಿವಾಣ, ಅದರಲ್ಲಿ ಅರಿಶಿನ, ಕುಂಕುಮ, ಹೂವು ಮತ್ತು ಕತ್ತರಿ. ಟೇಪು ಕತ್ತರಿಸಿದ ಕೂಡಲೇ ವಾಲಗ ಊದಬೇಕು ಎಂದು ವಾಲಗದವರಿಗೆ ಹತ್ತು ಸಲ ಹೇಳಿಟ್ಟಿದ್ದೆ.

ಹತ್ತು ಗಂಟೆಗೆ ಬರಬೇಕಾದ ಕಾರು ಬಂದದ್ದು ಹನ್ನೆರಡಕ್ಕೆ. ತಪ್ಪು ಅವರದಲ್ಲ. ದಾರಿಯಲ್ಲಿ ಮೂರು ಮನೆಯವರು ಕಾರಿಗೆ ಅಡ್ಡ ನಿಂತು ಕರೆದುಕೊಂಡು ಹೋಗಿ ಉಪಚಾರ ಮಾಡಿದ್ದರು. ಮಲೆನಾಡಿನ ಉಪಚಾರ ಎಂದರೆ ಗೊತ್ತಲ್ಲ, ಒಂದು ಲೋಟ ಕಾಫಿ ಬೇಡವೆಂದರೆ ಎರಡು ಲೋಟ ತರುತ್ತಾರೆ. ಕಾರಿಳಿದ ಕೂಡಲೇ ಇಲ್ಲಿ ಮತ್ತೆ ಎಳನೀರು. ಗಂಡಹೆಂಡತಿ ಇಬ್ಬರೂ ಮರ್ಯಾದೆಗೆ ಕುಡಿದರು.

ಸ್ವಾಗತ ಸಮಿತಿಯ ಅಧ್ಯಕ್ಷರು ಎದ್ದು ನಿಂತರು. ಊರಿನ ದೊಡ್ಡ ಜಮೀನುದಾರರು, ಒಳ್ಳೆಯ ಮನುಷ್ಯ, ಕೈಯಲ್ಲಿ ದಪ್ಪ ಕಾಗದದ ಕಟ್ಟು. ತುಂಗೆಯ ಉಗಮದಿಂದ ಶುರುಮಾಡಿದರು. ಅರ್ಧ ಗಂಟೆಯಾದರೂ ನದಿ ಇನ್ನೂ ಶೃಂಗೇರಿ ದಾಟಿರಲಿಲ್ಲ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ನನಗೆ ದೊಡ್ಡ ಸಾಹೇಬರ ಪತ್ನಿ, ಆ ತಾಯಿಯ ಮುಖ ಕಾಣುತ್ತಿತ್ತು. ಮೊದಲು ಅವರು ಕಾಲು ಬದಲಿಸಿ ಕೂತರು. ಆಮೇಲೆ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಅವರ ದೃಷ್ಟಿ ಬಲಗಡೆಯ ಬಾಗಿಲ ಮೇಲೆ ನೆಟ್ಟಿತು, ಅಲ್ಲಿಂದ ಅಲುಗಲಿಲ್ಲ. ನಾನು ಬಾಗಿ ನಮ್ಮ ಎಂಜಿನಿಯರ ಕಿವಿಯಲ್ಲಿ ಹೇಳಿದೆ. ಅವರು, ಉದ್ಘಾಟನೆ ಆಗದೆ ಹೇಗ್ರೀ, ಇನ್ನೇನು ಮುಗಿಯುತ್ತದೆ ಎಂದರು. ಅಧ್ಯಕ್ಷರು ಕಾಗದ ಮಗುಚಿದರು. ತುಂಗೆಗೆ ಒಂದು ಉಪನದಿ ಸೇರಿತು.

ಆ ತಾಯಿ ಎದ್ದರು. ನಿಧಾನವಾಗಿ ವೇದಿಕೆಯಿಂದ ಇಳಿದು ನನ್ನ ಮುಂದೆ ಬಂದು ನಿಂತರು.

"ಅದು ಹೆಂಗಸರದ್ದೇನಪ್ಪಾ?" ಎಂದು ಕೇಳಿದರು.

ಹೌದಮ್ಮ ಎಂದೆ. ಅವರು ಹರಿವಾಣದಿಂದ ಕತ್ತರಿ ತೆಗೆದುಕೊಂಡರು, ನೆಟ್ಟಗೆ ನಡೆದರು, ಟೇಪು ಕತ್ತರಿಸಿದರು, ಒಳಗೆ ಹೋಗಿ ಚಿಲಕ ಹಾಕಿಕೊಂಡರು. ವಾಲಗದವರು ಹೇಳಿದ ಮಾತಿಗೆ ತಪ್ಪದವರು. ಟೇಪು ಬಿದ್ದದ್ದು ಕಂಡದ್ದೇ ಗಟ್ಟಿಮೇಳ ಊದಿಬಿಟ್ಟರು.

ಅಧ್ಯಕ್ಷರ ಭಾಷಣ ನಿಂತಿತು. ಜನಕ್ಕೆ ಒಂದು ಕ್ಷಣ ಏನಾಯಿತೆಂದು ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಎದ್ದು ಚಪ್ಪಾಳೆ ತಟ್ಟಿದಳು. ಅವಳ ಪಕ್ಕದವರೂ ತಟ್ಟಿದರು. ಆಮೇಲೆ ಹೆಂಗಸರೆಲ್ಲ ಎದ್ದು, ಯಾರೂ ಹೇಳದೆಯೇ ಬಲಬಾಗಿಲ ಮುಂದೆ ಸಾಲು ನಿಂತರು. ದೊಡ್ಡ ಸಾಹೇಬರು ಜಾಣರು. ಎದ್ದು ನಗುತ್ತಾ, ಉದ್ಘಾಟನೆ ಆಗಿದೆ, ಇನ್ನು ಮಾತು ಬೇಡ ಎಂದು ವೇದಿಕೆ ಇಳಿದು ಸ್ವಲ್ಪ ಬಿರುಸಾಗಿಯೇ ಎಡಬಾಗಿಲ ಕಡೆ ನಡೆದರು. ಅವರೂ ಮೂರು ಮನೆಯ ಕಾಫಿ ಕುಡಿದವರೇ ತಾನೆ. ಟೇಪಿನ ಮುಂದೆ ನಿಂತು ನನ್ನ ಕಡೆ ಕೈ ಚಾಚಿದರು.

ಹರಿವಾಣದಲ್ಲಿ ಅರಿಶಿನವಿತ್ತು, ಕುಂಕುಮವಿತ್ತು, ಹೂವಿತ್ತು. ಕತ್ತರಿ ಒಳಗಿತ್ತು.

ಗಂಟು ಬಿಚ್ಚಲು ನೋಡಿದೆವು. ಮೇಸ್ತ್ರಿ ಕಟ್ಟಿದ ಗಂಟು, ತಾರಸಿಯ ಸೆಂಟ್ರಿಂಗ್ ಕಟ್ಟಿದ ಹಾಗಿತ್ತು. ಎಳನೀರು ಕೊಚ್ಚುವವನು ತನ್ನ ಕತ್ತಿ ಹಿಡಿದು ಮುಂದೆ ಬಂದ. ಶುಭಕಾರ್ಯದಲ್ಲಿ ಕತ್ತಿ ಎತ್ತುವುದು ಬೇಡ ಎಂದು ನಾಲ್ಕು ಜನ ಅವನನ್ನು ಹಿಡಿದುಕೊಂಡರು. ಬಗ್ಗಿ ನುಸುಳಿಹೋಗಲು ಸಾಹೇಬರ ಮೈಕಟ್ಟೂ ಬಿಡಲಿಲ್ಲ, ಪದವಿಯೂ ಬಿಡಲಿಲ್ಲ. ಅವರು ಟೇಪಿನ ಮುಂದೆ ಅಟೆನ್ಶನ್‌ನಲ್ಲಿ ನಿಂತರು. ಹೇಗೂ ಸಮಯ ಸಿಕ್ಕಿತಲ್ಲ ಎಂದು ಸ್ವಾಗತ ಸಮಿತಿಯ ಅಧ್ಯಕ್ಷರು ಬಿಟ್ಟಲ್ಲಿಂದ ಮುಂದುವರಿಸಿದರು. ತುಂಗೆ ಭೋರ್ಗರೆದು ಹರಿಯತೊಡಗಿತು. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಕೊನೆಗೂ ಬಲಬಾಗಿಲು ತೆರೆಯಿತು. ಆ ತಾಯಿ ಹೊರಗೆ ಬಂದರು. ಸೆರಗಿನಿಂದ ಕೈ ಒರೆಸಿಕೊಂಡು, ಸಾಲಿನಲ್ಲಿದ್ದ ಹೆಂಗಸರಿಗೆ, ಒಳಗೆ ಚೆನ್ನಾಗಿದೆ, ಹೋಗಿ ಬನ್ನಿ ಎಂದರು. ಮುಖದಲ್ಲಿ ಎಂಥ ನೆಮ್ಮದಿ. ನಿಧಾನವಾಗಿ ನಡೆದು ಬಂದು ಕತ್ತರಿಯನ್ನು ಗಂಡನ ಕೈಯಲ್ಲಿಟ್ಟರು.

"ಈಗ ಎಷ್ಟು ಹೊತ್ತು ಬೇಕಾದ್ರೂ ಭಾಷಣ ಮಾಡಿ," ಎಂದರು. "ಆರಾಮಾಗಿ ಕೂತು ಕೇಳ್ತೀನಿ."